ಚೆಂಬೂರಿನ ಸೊಪ್ಪು: ಕೈಗಾರಿಕಾ ತ್ಯಾಜ್ಯನೀರು, ಎಲೆಯ ಬೆಳವಣಿಗೆ ಮತ್ತು ಅಳತೆಯ ಪ್ರಶ್ನೆ

1. ಟಿಪ್ಪಣಿಯ ಉದ್ದೇಶ

ಕಾರ್ಖಾನೆಯ ತ್ಯಾಜ್ಯನೀರು ಸೊಪ್ಪಿನ ಬೆಳೆಗೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಬಹುಕಾಲದಿಂದ ಒಂದು ಪದ್ಧತಿ ಬಳಕೆಯಲ್ಲಿದೆ. ಕುಂಡಗಳಲ್ಲಿ ಪಾಲಕ್ ಅಥವಾ ಮೆಂತ್ಯ ಬಿತ್ತುತ್ತಾರೆ. ತ್ಯಾಜ್ಯನೀರನ್ನು ನಲ್ಲಿ ನೀರಿನೊಂದಿಗೆ ಶೇಕಡಾ 25, 50, 75 ಎಂದು ಬೆರೆಸಿ, ಒಂದು ಸಾಲಿಗೆ ಏನನ್ನೂ ಬೆರೆಸದ ತ್ಯಾಜ್ಯನೀರನ್ನೇ ಹಾಯಿಸಿ, ಮೊಳಕೆಯ ಪ್ರಮಾಣ, ಗಿಡದ ಎತ್ತರ, ಎಲೆಗಳ ಸಂಖ್ಯೆ, ಹಸಿ ಮತ್ತು ಒಣ ತೂಕ, ಎಲೆಯ ಹರಿತ್ತು ಇವುಗಳನ್ನು ಅಳೆಯುತ್ತಾರೆ. ಫಲಿತಾಂಶ ಬಹುಮಟ್ಟಿಗೆ ಒಂದೇ ಬಗೆಯದು: ತೆಳುವಾದ ನೀರಿನಲ್ಲಿ ಗಿಡ ನಲ್ಲಿ ನೀರಿನದಕ್ಕಿಂತ ಚೆನ್ನಾಗಿ ಬರುತ್ತದೆ, ಗಾಢವಾದ ನೀರಿನಲ್ಲಿ ಸೊರಗುತ್ತದೆ. ಇದರಿಂದ ಎಳೆಯುವ ತೀರ್ಮಾನವೂ ಒಂದೇ: ಸಾಕಷ್ಟು ನೀರು ಬೆರೆಸಿದರೆ ತ್ಯಾಜ್ಯನೀರನ್ನು ಸೊಪ್ಪಿಗೆ ಹಾಯಿಸಬಹುದು.

ಅಳತೆಗಳು ಸರಿ, ತೀರ್ಮಾನ ಸರಿಯಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಸೊಪ್ಪನ್ನು ತಿನ್ನುವವರಿಗೆ ಅಪಾಯ ಹೆಚ್ಚಿರುವುದು ಗಿಡ ಸೊರಗುವ ಹಂತದಲ್ಲಿ ಅಲ್ಲ. ಗಿಡ ನಳನಳಿಸುತ್ತಲೇ ಲೋಹವನ್ನು ಎಲೆಗೆ ಏರಿಸಿಕೊಳ್ಳುವ ನಡುವಣ ಹಂತದಲ್ಲಿ. ಸೊರಗಿದ ಗಿಡ ಪೇಟೆಗೆ ಬರುವುದಿಲ್ಲ, ನಳನಳಿಸುವುದು ಬರುತ್ತದೆ. ಚೆಂಬೂರನ್ನು ಎದುರಿಗಿಟ್ಟುಕೊಂಡು ಈ ವಾದವನ್ನು ಪರೀಕ್ಷಿಸುತ್ತೇನೆ. ಬೆಂಗಳೂರು ಮತ್ತು ವಾರಾಣಸಿಯಲ್ಲಿ ಪ್ರಕಟವಾದ ಕೆಲಸವನ್ನು ಜೊತೆಗಿಟ್ಟು ನೋಡುತ್ತೇನೆ.

2. ಸ್ಥಳ

ಮುಂಬಯಿಯ ಪೂರ್ವ ಅಂಚಿನ ಚೆಂಬೂರು–ಮಾಹುಲ್–ಟ್ರಾಂಬೆ ಪಟ್ಟಿ ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕಗಳಲ್ಲಿ ಕೈಗಾರಿಕಾ ವಲಯವಾಗಿ ರೂಪುಗೊಂಡಿತು. ಮಾಹುಲ್‌ನಲ್ಲಿ 1954–55ರ ಹೊತ್ತಿಗೆ ಎರಡು ತೈಲ ಶುದ್ಧೀಕರಣಾಗಾರಗಳು ಬಂದವು. ಅವು ಈಗಿನ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂ. ಟ್ರಾಂಬೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಮತ್ತು ಪರಮಾಣು ಸಂಶೋಧನಾ ಕೇಂದ್ರ ನೆಲೆಯೂರಿದವು. 1960ರ ದಶಕದಲ್ಲಿ ರಸಗೊಬ್ಬರ ಕಾರ್ಖಾನೆ ಬಂತು. 1978ರಿಂದ ಅದು ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್. ಇವುಗಳ ಸುತ್ತ ಸಣ್ಣ ಘಟಕಗಳು, ಗ್ಯಾರೇಜುಗಳು, ಗುಜರಿ ಅಂಗಡಿಗಳು ಬೆಳೆದವು. ಪಕ್ಕದ ದೇವನಾರದಲ್ಲಿ 1927ರಿಂದ ನಗರದ ಕಸ ಸುರಿಯಲಾಗುತ್ತಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಸಮೂಹಗಳಿಗೆ ಮಾಲಿನ್ಯ ಸೂಚ್ಯಂಕ ಕಟ್ಟಿದಾಗ ಚೆಂಬೂರಿಗೆ 69.19 ಅಂಕ ಬಂತು. 70 ದಾಟಿದ್ದರೆ 'ಅತಿ ಗಂಭೀರ' ಪಟ್ಟಿಗೆ ಸೇರುತ್ತಿತ್ತು. ಕೂದಲೆಳೆಯಲ್ಲಿ ಅದರ ಕೆಳಗಿನ 'ತೀವ್ರ ಮಲಿನ' ಪಟ್ಟಿಯಲ್ಲಿ ಉಳಿಯಿತು.

ಇದೇ ಪಟ್ಟಿಯಲ್ಲಿ ಸೊಪ್ಪೂ ಬೆಳೆಯುತ್ತದೆ. ರೈಲ್ವೆ ಇಲಾಖೆ ಹಳಿಯ ಪಕ್ಕದ ಖಾಲಿ ಜಾಗ ಒತ್ತುವರಿಯಾಗದಿರಲೆಂದು 'ಗ್ರೋ ಮೋರ್ ಫುಡ್' ಯೋಜನೆಯಲ್ಲಿ ತನ್ನ ನೌಕರರಿಗೆ ಬೇಸಾಯಕ್ಕೆ ಗುತ್ತಿಗೆ ಕೊಡುವ ವ್ಯವಸ್ಥೆ ಮಾಡಿತ್ತು. ಹಾರ್ಬರ್ ಲೈನಿನ ಗಾಡಿಯಲ್ಲಿ ಕುರ್ಲಾ ದಾಟಿ ತಿಲಕ್‌ನಗರ, ಚೆಂಬೂರು, ಗೋವಂಡಿ, ಮಾನ್‌ಖುರ್ದ್ ಕಡೆಗೆ ಓಡಾಡಿದವರಿಗೆ ಕಿಟಕಿಯಾಚೆಯ ಹಸಿರು ಮಡಿಗಳು ಪರಿಚಿತ. ಪಾಲಕ್, ಮೆಂತ್ಯ, ಕೆಂಪು ಹರಿವೆ, ಬೆಂಡೆ ಇಲ್ಲಿಯ ಮುಖ್ಯ ಬೆಳೆಗಳು. ದುಡಿಯುವ ಕೈಗಳು ಹೆಚ್ಚಾಗಿ ಉತ್ತರ ಪ್ರದೇಶದಿಂದ ಬಂದವರದು. ನೀರು ಮಗ್ಗುಲಿನ ನಾಲಾದ್ದು.

ಈ ಸೊಪ್ಪನ್ನು ಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ. ಚೆಂಬೂರು ಹಲವು ತಲೆಮಾರುಗಳಿಂದ ಕನ್ನಡ ಮತ್ತು ತುಳು ಮನೆಗಳ ಊರು. ಕರ್ನಾಟಕ ಸಂಘ ಕಟ್ಟಿ, ಶಾಲೆ ನಡೆಸಿದ ಊರು. ಹರಿವೆ ಇಲ್ಲಿಯ ಕರಾವಳಿ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಒಲೆ ಏರುವ ತರಕಾರಿ. ಹಾಗಾಗಿ ಪ್ರಶ್ನೆ ಪ್ರಯೋಗಾಲಯದ್ದಷ್ಟೇ ಅಲ್ಲ, ಊಟದ ತಟ್ಟೆಯದೂ ಹೌದು.

3. ನಾಲಾದಲ್ಲಿ ಹರಿಯುವುದು ಯಾವ ನೀರು?

'ಕೈಗಾರಿಕಾ ತ್ಯಾಜ್ಯನೀರು' ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಚೆಂಬೂರಿನ ಮಟ್ಟಿಗೆ ತಪ್ಪಾಗುತ್ತದೆ. ಇಲ್ಲಿಯ ನಾಲಾಗಳಲ್ಲಿ ಮೂರು ನೀರು ಬೆರೆಯುತ್ತವೆ. ಮೊದಲನೆಯದು ಚಾಳು, ಝೋಪಡಿ, ಕಟ್ಟಡಗಳ ಮನೆಗೊಚ್ಚೆ. ಎರಡನೆಯದು ಘಟಕಗಳಿಂದಲೂ ಗ್ಯಾರೇಜುಗಳಿಂದಲೂ ಹರಿದು ಬರುವುದು, ಮಳೆ ರಸ್ತೆಯಿಂದ ತೊಳೆದು ತರುವುದು. ಮೂರನೆಯದನ್ನು ಅಧ್ಯಯನಕಾರರು ಮರೆಯುವುದೇ ಹೆಚ್ಚು: ಸಮುದ್ರದ ನೀರು.

ಚೆಂಬೂರಿನ ನಾಲಾಗಳು ಮಾಹುಲ್ ಅಥವಾ ಠಾಣೆ ಖಾರಿಗೆ ಸೇರುತ್ತವೆ. ದಿನಕ್ಕೆ ಎರಡು ಸಲ ಉಬ್ಬರವಾದಾಗ ಕೆಳಪಾತ್ರದಲ್ಲಿ ಉಪ್ಪುನೀರು ಹಿಮ್ಮುಖವಾಗಿ ಏರುತ್ತದೆ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೀರಿನ ಮಾದರಿ ತೆಗೆದರೆ ಒಂದು ವಾರ ಇಳಿತದ ನಾಲಾ ಸಿಗುತ್ತದೆ, ಮತ್ತೊಂದು ವಾರ ಉಬ್ಬರದ ನಾಲಾ. ಸಮುದ್ರದ ನೀರಿನ ವಿದ್ಯುತ್ ವಾಹಕತೆ ಮೀಟರಿಗೆ ಸುಮಾರು 50 ಡೆಸಿಸೀಮೆನ್ಸ್. ಇಪ್ಪತ್ತರಲ್ಲಿ ಒಂದು ಪಾಲು ಬೆರೆತರೂ ನಾಲಾದ ವಾಹಕತೆಗೆ ಎರಡೂವರೆ ಸೇರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಂತೆ ನೀರಾವರಿ ನೀರಿನಲ್ಲಿ 0.7ರವರೆಗೆ ತೊಂದರೆಯಿಲ್ಲ, 3 ದಾಟಿದರೆ ತೊಂದರೆ ತೀವ್ರ. ಎಲೆಯ ಅಂಚು ಸುಟ್ಟು ಗಿಡ ಗಿಡ್ಡವಾಯಿತೆಂದರೆ ಅದು ಕಾರ್ಖಾನೆಯ ರಾಸಾಯನಿಕದಿಂದಲೇ ಆಯಿತು ಎನ್ನುವ ಮೊದಲು ಆ ದಿನದ ಉಬ್ಬರದ ಪಟ್ಟಿಯನ್ನು ನೋಡಬೇಕು.

ಋತುವೂ ಲೆಕ್ಕಕ್ಕೆ ಬರುತ್ತದೆ. ಮುಂಬಯಿಯ ವಾರ್ಷಿಕ ಮಳೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು. ಬಹುತೇಕ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಆಗ ನಾಲಾ ತಿಳಿಯಾಗುತ್ತದೆ, ಮಡಿಗಳಿಗೆ ಹಾಯಿಸುವ ಅಗತ್ಯವೂ ಕಡಿಮೆ. ಏಪ್ರಿಲ್–ಮೇಯಲ್ಲಿ, ಉಬ್ಬರದ ನೀರನ್ನು ಬಿಟ್ಟರೆ, ನಾಲಾದಲ್ಲಿ ಉಳಿಯುವುದು ಗೊಚ್ಚೆ ಮತ್ತು ಘಟಕಗಳ ನೀರು ಮಾತ್ರ. ಬಿಸಿಲಿಗೆ ಮಡಿ ಬೇಗ ಆರುವುದರಿಂದ ಅತಿ ಕೆಟ್ಟ ನೀರನ್ನೇ ಅತಿ ಹೆಚ್ಚು ಹಾಯಿಸಬೇಕಾದ ತಿಂಗಳುಗಳೂ ಅವೇ.

4. ಬೆಳವಣಿಗೆ: ಏರುವುದೇಕೆ, ಇಳಿಯುವುದೇಕೆ

ತೆಳುವಾದ ತ್ಯಾಜ್ಯನೀರಿನಲ್ಲಿ ಸೊಪ್ಪು ಹುಲುಸಾಗಿ ಬರಲು ಕಾರಣ ಸರಳ: ಅದು ಗೊಬ್ಬರದ ನೀರು. ಲೀಟರಿಗೆ 40 ಮಿ.ಗ್ರಾಂ ಸಾರಜನಕವಿರುವ ಗೊಚ್ಚೆಯನ್ನು ಹೆಕ್ಟೇರಿಗೆ ವರ್ಷಕ್ಕೆ 10,000 ಘನ ಮೀಟರಿನಂತೆ ಹಾಯಿಸಿದರೆ 400 ಕಿಲೋ ಸಾರಜನಕ ಪುಕ್ಕಟೆಯಾಗಿ ಮಣ್ಣಿಗೆ ಬಂದಂತೆ. ರಂಜಕ, ಪೊಟ್ಯಾಸಿಯಂ ಬೇರೆ. ಸಾರಜನಕ ಸಿಕ್ಕ ಸೊಪ್ಪು ಎಲೆ ಅಗಲಿಸಿ ಕಡುಹಸಿರಾಗುತ್ತದೆ. ಪೇಟೆಯಲ್ಲಿ ಅದಕ್ಕೇ ಬೆಲೆ.

ಆದರೆ ಬೇಕಾದುದಕ್ಕಿಂತ ಹೆಚ್ಚು ಸಿಕ್ಕ ಸಾರಜನಕವನ್ನು ಸೊಪ್ಪು ನೈಟ್ರೇಟ್ ರೂಪದಲ್ಲಿ ಎಲೆ ಮತ್ತು ತೊಟ್ಟಿನಲ್ಲಿ ಕೂಡಿಡುತ್ತದೆ. ಯೂರೋಪಿನ ಒಕ್ಕೂಟ ತಾಜಾ ಸ್ಪಿನಾಚ್ ಸೊಪ್ಪಿನಲ್ಲಿ ಕಿಲೋಗೆ 3,500 ಮಿ.ಗ್ರಾಂ ನೈಟ್ರೇಟಿನ ಮಿತಿ ಹಾಕಿರುವುದು ಈ ಸ್ವಭಾವವನ್ನು ತಿಳಿದೇ. ಹರಿತ್ತಿನ ಅಳತೆ ಹೆಚ್ಚು ಬಂದಷ್ಟೂ ನೈಟ್ರೇಟನ್ನೂ ಅಳೆಯಬೇಕೆಂಬ ಸೂಚನೆ ಇದರಲ್ಲಿದೆ.

ನೀರು ಗಾಢವಾದಂತೆ ಕೆಡುಕುಗಳು ಒಂದರ ಮೇಲೊಂದು ಬರುತ್ತವೆ. ಲವಣ ಹೆಚ್ಚಿದಾಗ ಮಣ್ಣು ಹಸಿಯಾಗಿದ್ದರೂ ಬೇರಿಗೆ ನೀರೆಳೆಯಲು ಆಗುವುದಿಲ್ಲ. ಮೊಳಕೆಗೆ ಬೀಳುವ ಮೊದಲ ಪೆಟ್ಟು ಇದು. ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ಮೇಲ್ಮೈಗೆ ಹೆಪ್ಪು ಕಟ್ಟಿಸುತ್ತದೆ. ಎಣ್ಣೆಯ ಪೊರೆ ಮಣ್ಣಿನ ರಂಧ್ರಗಳನ್ನು ಮುಚ್ಚಿ ಬೇರಿನ ಉಸಿರು ಕಟ್ಟಿಸುತ್ತದೆ. ಸತು, ನಿಕ್ಕೆಲ್, ತಾಮ್ರ ಹೆಚ್ಚಾದರೆ ಗಿಡ ಕಬ್ಬಿಣವನ್ನು ಸರಿಯಾಗಿ ಬಳಸಲಾರದೆ ಎಳೆಯ ಎಲೆಗಳ ನರಗಳ ನಡುವೆ ಹಳದಿ ಮೂಡುತ್ತದೆ. ಇದನ್ನು ಸಾರಜನಕದ ಕೊರತೆಯೆಂದು ತಿಳಿದು ಇನ್ನಷ್ಟು ಯೂರಿಯಾ ಎರಚಿದರೆ ತೊಂದರೆ ಮುಂದಿನ ಹೆಜ್ಜೆ ಇಡುತ್ತದೆ. ಅಮೋನಿಯಂ ರೂಪದ ಸಾರಜನಕವನ್ನು ಮಣ್ಣಿನ ಜೀವಾಣುಗಳು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಮಣ್ಣಿನ ರಸಸಾರ ಇಳಿಯುತ್ತದೆ. ರಸಸಾರ ಇಳಿದಂತೆ ಮಣ್ಣಿನ ಕಣಗಳಿಗೆ ಅಂಟಿದ್ದ ಕ್ಯಾಡ್ಮಿಯಂ ಮತ್ತು ಸತು ಕಳಚಿಕೊಂಡು ಬೇರಿಗೆ ಸಿಗುವಂತಾಗುತ್ತವೆ. ಎಲೆಯನ್ನು ಹುಲುಸಾಗಿಸುವ ಸಾರಜನಕ ಲೋಹಕ್ಕೂ ದಾರಿ ಮಾಡಿಕೊಡುತ್ತದೆ ಎಂಬ ಈ ಕೊಂಡಿ ನನ್ನ ವಾದದ ಮುಖ್ಯ ಆಧಾರ.

5. ಲೋಹ ಎಲೆಗೆ ಬರುವ ಎರಡು ದಾರಿ

ಲೋಹಗಳೆಲ್ಲ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕ್ಯಾಡ್ಮಿಯಂ ಗಿಡಕ್ಕೆ ಬೇಡದ ಲೋಹ. ಆದರೆ ಅದರ ವಿದ್ಯುದಂಶ ಮತ್ತು ಗಾತ್ರ ಗಿಡಕ್ಕೆ ಬೇಕಾದ ಲೋಹಗಳನ್ನು ಹೋಲುವುದರಿಂದ, ಕಬ್ಬಿಣ ಮತ್ತು ಸತುವನ್ನು ಒಳಗೆ ಬಿಟ್ಟುಕೊಳ್ಳುವ ಬೇರಿನ ವಾಹಕ ಪ್ರೋಟೀನುಗಳು ಅದನ್ನೂ ಬಿಟ್ಟುಕೊಳ್ಳುತ್ತವೆ. ಅಲ್ಲಿಂದ ನೀರಿನ ಜೊತೆ ಎಲೆಗೆ ಏರುತ್ತದೆ. ಗಿಡಕ್ಕೆ ಹಾನಿ ತೋರುವ ಮಟ್ಟಕ್ಕಿಂತ ಎಷ್ಟೋ ಕೆಳಗೇ ಮನುಷ್ಯನಿಗೆ ಹಾನಿಯ ಮಟ್ಟ ಮುಟ್ಟಿರುತ್ತದೆ.

ಸೀಸ ಹಾಗಲ್ಲ. ಮಣ್ಣಿನಿಂದ ಹೀರಿದ ಸೀಸದ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಎಲೆಯಲ್ಲಿ ಸೀಸ ಕಂಡುಬಂದರೆ ಅದರಲ್ಲಿ ದೊಡ್ಡ ಪಾಲು ಗಾಳಿಯಿಂದ ಕುಳಿತ ಧೂಳಿನದಿರಬಹುದು. ಹೆದ್ದಾರಿ, ಹಳಿ, ಹೊಗೆಕೊಳವೆ ಮೂರೂ ಹತ್ತಿರವಿರುವ ಚೆಂಬೂರಿನಲ್ಲಿ ಈ ಭೇದ ಬಹಳ ಮುಖ್ಯ. ಸೊಪ್ಪಿನಲ್ಲಿ ಸೀಸ ಸಿಕ್ಕಿತೆಂದ ಕೂಡಲೇ ನಾಲಾದ ನೀರನ್ನು ದೂರಿದರೆ ನಿಜವಾದ ಮೂಲ ಕೈತಪ್ಪಬಹುದು. ಅದೇ ಗಿಡದ ಎಲೆಗಳನ್ನು ತೊಳೆದು ಒಮ್ಮೆ, ತೊಳೆಯದೆ ಒಮ್ಮೆ ಅಳೆದರೆ ಧೂಳಿನ ಪಾಲು ಬಹುಮಟ್ಟಿಗೆ ಬಯಲಾಗುತ್ತದೆ.

ಇನ್ನೊಂದು ಎಚ್ಚರ ನೆಲದ ಬಗ್ಗೆ. ಟ್ರಾಂಬೆಯ ಗುಡ್ಡ ದಖ್ಖನ್ ಲಾವಾದ ಕಪ್ಪುಶಿಲೆ. ಈ ಶಿಲೆಯಿಂದಾದ ಮಣ್ಣಿನಲ್ಲಿ ತಾಮ್ರ, ನಿಕ್ಕೆಲ್, ಕ್ರೋಮಿಯಂ ಸಹಜವಾಗಿಯೇ ಹೆಚ್ಚು. ಅವುಗಳ ಒಟ್ಟು ಪ್ರಮಾಣ ನೋಡಿ ಮಾಲಿನ್ಯವೆಂದು ಸಾರುವ ಮುನ್ನ ನಾಲಾ ನೀರು ಕಾಣದ ಅದೇ ಬಗೆಯ ಮಣ್ಣನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಕ್ಯಾಡ್ಮಿಯಂ ಮತ್ತು ಸೀಸದ ವಿಷಯದಲ್ಲಿ ಈ ಶಿಲೆಗೆ ಅಷ್ಟು ಪಾಲಿಲ್ಲ.

6. ಮೂರು ಸೊಪ್ಪು, ಮೂರು ಸ್ವಭಾವ

ಪಾಲಕ್: ನಮ್ಮ ಪೇಟೆಯ ಪಾಲಕ್ ಬೀಟ್‌ರೂಟಿನ ಕುಲದ್ದು, ಪಾಶ್ಚಾತ್ಯ ಸ್ಪಿನಾಚ್ ಬೇರೆಯೇ ಗಿಡ. ಬೀಟ್ ಕುಲ ಉಪ್ಪನ್ನು ಚೆನ್ನಾಗಿ ತಾಳುತ್ತದೆ. ಸ್ಪಿನಾಚ್‌ನ ಇಳುವರಿ ಮಣ್ಣಿನ ವಾಹಕತೆ 2 ದಾಟಿದ ಮೇಲೆ ಕುಸಿಯತೊಡಗಿದರೆ, ಬೀಟ್‌ನದು 4ರವರೆಗೆ ಹಿಡಿದು ನಿಲ್ಲುತ್ತದೆ. ಹೀಗಾಗಿ ಸ್ಪಿನಾಚ್‌ನ ವಿದೇಶಿ ಕೋಷ್ಟಕಗಳನ್ನು ಪಾಲಕ್‌ಗೆ ಹೊಂದಿಸುವುದು ಸರಿಯಲ್ಲ. ಕೆಟ್ಟ ನೀರನ್ನು ತಾಳುವ ಈ ಗುಣದಿಂದಲೇ ಪಾಲಕ್ ನಾಲಾ ಬದಿಯ ಬೆಳೆಯಾಗಿದೆ. ಒಮ್ಮೆ ಬಿತ್ತಿ ಹಲವು ಸಲ ಕೊಯ್ಯುವುದರಿಂದ, ಒಂದೇ ಬೇರು ತಿಂಗಳುಗಟ್ಟಲೆ ಅದೇ ನೀರನ್ನು ಕುಡಿಯುತ್ತದೆ. ಮೊದಲ ಕೊಯ್ಲಿನ ಎಲೆಯನ್ನಷ್ಟೇ ಪರೀಕ್ಷಿಸಿದ ವರದಿ ಕೊನೆಯ ಕೊಯ್ಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೆಂತ್ಯ: ಇದು ದ್ವಿದಳ ಜಾತಿ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ನೀರಿನಲ್ಲೇ ಸಾರಜನಕ ಧಾರಾಳವಾಗಿದ್ದರೆ ಗಂಟುಗಳು ಕಡಿಮೆಯಾಗುತ್ತವೆ. ಲೋಹ ಹೆಚ್ಚಿದರೆ ರೈಜೋಬಿಯಂ ನರಳುತ್ತದೆ. ಎರಡರ ಫಲವೂ ಒಂದೇ ಆಗಿ ಕಾಣುವುದರಿಂದ ಗಂಟುಗಳನ್ನು ಎಣಿಸಿದರೆ ಸಾಲದು. ಆ ನೀರಿನಲ್ಲಿರುವಷ್ಟೇ ಸಾರಜನಕವನ್ನು ಗೊಬ್ಬರವಾಗಿ ಕೊಟ್ಟ ಇನ್ನೊಂದು ಸಾಲು ಬೇಕು. ಮೆಂತ್ಯವನ್ನು ಬೇರುಸಹಿತ ಕಿತ್ತು ಮಾರುವ ರೂಢಿ ಮುಂಬಯಿಯಲ್ಲಿದೆ. ಸೀಸ ಬೇರಿನಲ್ಲಿ ನಿಲ್ಲುತ್ತದೆಂಬ ಮಾತಿನಿಂದ ಬರುವ ನೆಮ್ಮದಿ ಬೇರು ಕತ್ತರಿಸಿ ಬಿಸಾಡಿದವರಿಗೆ ಮಾತ್ರ.

ಹರಿವೆ: ಬಿಸಿಲು ತಾಳಿ ಬೇಗ ಮೈದುಂಬುವ ಗಿಡ. ಕೆಂಪು ಹರಿವೆಯಲ್ಲಿ ಎಲೆಯ ಕೆಂಬಣ್ಣ ಹಳದಿಯನ್ನು ಮರೆಮಾಡುವುದರಿಂದ ಲೋಹದ ತೊಂದರೆ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಅಡುಗೆಯ ರೂಢಿ. ಪ್ರಯೋಗಾಲಯಗಳು ಹರಿವೆಯ ಎಲೆಯನ್ನು ಬಿಡಿಸಿ ಒಣಗಿಸಿ ಅಳೆಯುತ್ತವೆ. ನಮ್ಮ ಮನೆಗಳಲ್ಲಿ ಎಲೆ ಪಲ್ಯಕ್ಕೆ, ದಂಟು ಹುಳಿಗೆ. ಬೆರಳು ದಪ್ಪದ ದಂಟನ್ನು ಸಿಪ್ಪೆ ತೆಗೆದು ಎರಡಂಗುಲದ ತುಂಡು ಮಾಡಿ, ತೆಂಗಿನಕಾಯಿ ಅರೆದು ಹಾಕಿ ಕುದಿಸಿದ ಹುಳಿಯಲ್ಲಿ ದಂಟಿನ ರಸ ಸಾರಿಗೆ ಇಳಿದಿರುತ್ತದೆ. ಉಳಿದುದನ್ನು ಜಗಿದು ನಾರು ಉಗುಳುತ್ತೇವೆ. ಬೇರಿನಿಂದ ಎಲೆಗೆ ಹೋಗುವ ಲೋಹವೆಲ್ಲ ಹಾದುಹೋಗುವುದು ಈ ದಂಟಿನ ಮೂಲಕ. ಆದ್ದರಿಂದ ಎಲೆ, ಸಿಪ್ಪೆ, ದಂಟಿನ ತಿರುಳು, ಬೇಯಿಸಿದ ನೀರು ಇವನ್ನು ಬೇರೆಬೇರೆಯಾಗಿ ಅಳೆಯದ ಹೊರತು ಕನ್ನಡ ಮನೆಯೊಂದರ ನಿಜವಾದ ಸೇವನೆ ತಿಳಿಯದು.

7. ಬೆಂಗಳೂರು ಮತ್ತು ವಾರಾಣಸಿ ಹೇಳುವುದು

ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ನೀರಿನಲ್ಲಿ ಬೆಳೆದ ಭತ್ತ ಮತ್ತು ತರಕಾರಿಗಳನ್ನು ಪರೀಕ್ಷಿಸಿ ಲೋಕೇಶ್ವರಿ ಮತ್ತು ಚಂದ್ರಪ್ಪ 2006ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಕರ್ನಾಟಕದ ಗಟ್ಟಿ ದಾಖಲೆ. ಕೆಲವು ಲೋಹಗಳು ಬೆಳೆಯಲ್ಲಿ ಭಾರತೀಯ ಮಿತಿಯನ್ನು ದಾಟಿದ್ದವು. ಮಣ್ಣಿನಿಂದ ಸಸ್ಯಕ್ಕೆ ಸಾಗುವ ಪ್ರಮಾಣ ಸತು, ತಾಮ್ರ, ಸೀಸ, ಕ್ಯಾಡ್ಮಿಯಂಗಳಲ್ಲಿ ಗಮನಾರ್ಹವಾಗಿತ್ತು. ಕೆರೆ ನೀರಿನ ಪರಿಣಾಮ ಮಣ್ಣಿಗಿಂತ ಸಸ್ಯದಲ್ಲೇ ಹೆಚ್ಚು ಕಂಡಿತು.

ವಾರಾಣಸಿಯ ಹೊರವಲಯದ ಪಾಲಕ್ ಮೇಲೆ ಶರ್ಮಾ, ಅಗ್ರವಾಲ್ ಮತ್ತು ಮಾರ್ಷಲ್ 2007ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ಪ್ರಶ್ನೆಗೆ ಇನ್ನೂ ನೇರವಾಗಿ ತಾಗುತ್ತದೆ. ಅಲ್ಲಿ ನೀರಿನಲ್ಲಿ ಕ್ಯಾಡ್ಮಿಯಂ ಬಿಟ್ಟರೆ ಉಳಿದ ಲೋಹಗಳು ಮಿತಿಯೊಳಗಿದ್ದವು; ಮಣ್ಣಿನಲ್ಲೂ ಸರಾಸರಿ ಮಿತಿಯೊಳಗೇ ಇತ್ತು. ಆದರೂ ತಿನ್ನುವ ಎಲೆಯಲ್ಲಿ ಬೇಸಿಗೆಯಲ್ಲಿ ಕ್ಯಾಡ್ಮಿಯಂ, ಬೇಸಿಗೆ ಮತ್ತು ಚಳಿಗಾಲ ಎರಡರಲ್ಲೂ ಸೀಸ ಮತ್ತು ನಿಕ್ಕೆಲ್ ಮಿತಿ ದಾಟಿದ್ದವು. ನೀರು ಪರೀಕ್ಷೆಯಲ್ಲಿ ಪಾಸಾದರೆ ಸೊಪ್ಪೂ ಪಾಸಾಯಿತೆಂಬ ಊಹೆ ಇಲ್ಲಿ ಮುರಿದುಬೀಳುತ್ತದೆ.

ವೃಷಭಾವತಿ ಕಣಿವೆ ಮತ್ತೊಂದು ಪಾಠ ಕೊಡುತ್ತದೆ. ಪೀಣ್ಯದ ಘಟಕಗಳ ನೀರು ಮತ್ತು ನಗರದ ಗೊಚ್ಚೆ ಬೆರೆತ ಈ ಹೊಳೆ ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ತುಂಬುತ್ತದೆ. ಅಲ್ಲಿಯ ರೈತರು ಕಾಲಕ್ರಮದಲ್ಲಿ ಭತ್ತದಿಂದ ಬೇಬಿಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆಯ ಕಡೆ ಸರಿದರು. ನೀರಿಗೆ ತಕ್ಕಂತೆ ಬೆಳೆ ಬದಲಿಸುವ ವಿವೇಕ ರೈತರಲ್ಲಿದೆ. ಸೊಪ್ಪು ಬಿಟ್ಟು ಬೇರೆ ಬೆಳೆಗೆ ಹೋಗಲು ಚೆಂಬೂರಿನ ಬೆಳೆಗಾರನಿಗಿರುವ ಅಡ್ಡಿ ಜಾಗದ್ದು: ಹಳಿ ಬದಿಯ ಸಣ್ಣ ಮಡಿಯಲ್ಲಿ ತಿಂಗಳೊಳಗೆ ಕಾಸು ತರುವ ಬೆಳೆ ಸೊಪ್ಪೊಂದೇ.

8. ಮಿತಿಗಳನ್ನು ಓದುವ ಬಗೆ

1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಲ್ಲಿ ತ್ಯಾಜ್ಯನೀರಿನ ಸಾಮಾನ್ಯ ಮಿತಿಗಳಿವೆ. ಒಳನಾಡಿನ ಜಲಮೂಲ, ಒಳಚರಂಡಿ, ನೀರಾವರಿ ಭೂಮಿ, ಕರಾವಳಿ ಎಂದು ನಾಲ್ಕು ಅಂಕಣ. ನೀರಾವರಿ ಅಂಕಣದಲ್ಲಿ ಲೀಟರಿಗೆ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) 100 ಮಿ.ಗ್ರಾಂ, ತೇಲುಕಣ 200 ಮಿ.ಗ್ರಾಂ, ಎಣ್ಣೆ 10 ಮಿ.ಗ್ರಾಂ ಎಂದಿದೆ. ಸೀಸ, ಕ್ಯಾಡ್ಮಿಯಂ, ತಾಮ್ರ, ಸತು, ನಿಕ್ಕೆಲ್‌ಗಳ ಸಾಲಿಗೆ ಬಂದಾಗ ಆ ಅಂಕಣದಲ್ಲಿ ಬರಿಯ ಗೆರೆ. ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 2 ಮಿ.ಗ್ರಾಂವರೆಗೆ ಇರಬಹುದು. ಆಹಾರ ಮತ್ತು ಕೃಷಿ ಸಂಸ್ಥೆ ನೀರಾವರಿಗೆ ಹೇಳುವುದು 0.01 ಮಿ.ಗ್ರಾಂ. ಅಂತರ ಇನ್ನೂರು ಪಟ್ಟು. ನಾಲಾಕ್ಕೆ ಕಾನೂನಿನಂತೆಯೇ ಬಿಟ್ಟ ನೀರು ಮಡಿಗೆ ಹಾಯಿಸಲು ತಕ್ಕುದಾಗಿರಬೇಕೆಂದಿಲ್ಲ ಎಂಬುದನ್ನು ಈ ಎರಡು ಅಂಕಿಗಳೇ ಸಾರುತ್ತವೆ.

ಆ 0.01 ಕೂಡ ಶಾಶ್ವತ ಅಭಯವಲ್ಲ. ಹೆಕ್ಟೇರಿಗೆ ವರ್ಷಕ್ಕೆ 10,000 ಘನ ಮೀಟರ್ ಹಾಯಿಸಿದರೆ 100 ಗ್ರಾಂ ಕ್ಯಾಡ್ಮಿಯಂ ಮಣ್ಣಿಗಿಳಿಯುತ್ತದೆ. ಮೇಲಿನ 15 ಸೆಂ.ಮೀ ಮಣ್ಣು ಸುಮಾರು 2,000 ಟನ್ ಎಂದು ಹಿಡಿದರೆ ವರ್ಷಕ್ಕೆ ಕಿಲೋಗೆ 0.05 ಮಿ.ಗ್ರಾಂ ಕೂಡುತ್ತದೆ, ಏನೂ ಕಳೆದುಹೋಗದಿದ್ದರೆ ಇಪ್ಪತ್ತು ವರ್ಷದಲ್ಲಿ 1 ಮಿ.ಗ್ರಾಂ. ದಶಕಗಳಿಂದ ನಾಲಾ ನೀರು ಕುಡಿದ ಮಡಿಯ ಮಣ್ಣನ್ನೂ ಹೊಸದಾಗಿ ತುಂಬಿದ ಕುಂಡದ ಮಣ್ಣನ್ನೂ ಒಂದೇ ಎಂದು ಭಾವಿಸುವ ಕುಂಡಪ್ರಯೋಗದ ದೊಡ್ಡ ಕೊರತೆ ಇದೇ.

ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗ ಎಲೆ ತರಕಾರಿಗೆ ಹಾಕಿದ ಮಿತಿ ಕಿಲೋ ಹಸಿ ಸೊಪ್ಪಿಗೆ 0.2 ಮಿ.ಗ್ರಾಂ ಕ್ಯಾಡ್ಮಿಯಂ, 0.3 ಮಿ.ಗ್ರಾಂ ಸೀಸ. ಪ್ರಯೋಗಾಲಯದ ವರದಿಗಳು ಸಾಮಾನ್ಯವಾಗಿ ಒಣ ತೂಕದಲ್ಲಿರುತ್ತವೆ. ಸೊಪ್ಪಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಒಣ ತೂಕದ ಅಂಕಿ ಹಸಿ ತೂಕದ ಅಂಕಿಯ ಸುಮಾರು ಹತ್ತು ಪಟ್ಟು. ಒಣ ತೂಕದ 1.5ನ್ನು ಹಸಿ ತೂಕದ 0.2ರ ಎದುರು ಇಟ್ಟು 'ಮಿತಿಗಿಂತ ಏಳು ಪಟ್ಟು' ಎಂದು ಬರೆದರೆ ಜನರನ್ನು ಹೆದರಿಸಿದಂತೆ. ಅದನ್ನೇ ಹಸಿ ತೂಕಕ್ಕೆ ಇಳಿಸಿದರೆ 0.15, ಮಿತಿಯೊಳಗೆ. ಯಾವ ತೂಕವೆಂದು ಹೇಳದ ಅಂಕಿಯನ್ನು ನಂಬಬಾರದು, ಪ್ರಕಟಿಸಲೂಬಾರದು.

ಮಿತಿಯೊಳಗಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಸಲ್ಲದು. ಆಹಾರದ ಕಲ್ಮಶಗಳ ಅಂತರರಾಷ್ಟ್ರೀಯ ತಜ್ಞ ಸಮಿತಿ 2010ರಲ್ಲಿ ನಿಗದಿಮಾಡಿದ ಪ್ರಕಾರ ಕ್ಯಾಡ್ಮಿಯಂ ಸೇವನೆ ತಿಂಗಳಿಗೆ ದೇಹದ ಕಿಲೋ ತೂಕಕ್ಕೆ 25 ಮೈಕ್ರೋಗ್ರಾಂ ಮೀರಬಾರದು. 60 ಕಿಲೋ ತೂಗುವವರಿಗೆ ದಿನಕ್ಕೆ 50 ಮೈಕ್ರೋಗ್ರಾಂ. 0.2 ಮಿತಿಯಲ್ಲೇ ನಿಂತ ಪಾಲಕ್ ಅನ್ನು ದಿನಕ್ಕೆ 200 ಗ್ರಾಂ ತಿಂದರೆ 40 ಮೈಕ್ರೋಗ್ರಾಂ ಅಲ್ಲೇ ಮುಗಿಯಿತು. ಅಕ್ಕಿ, ಗೋಧಿಗಳಿಂದ ಬರುವುದಕ್ಕೆ ಉಳಿದದ್ದು ಹತ್ತು. 20 ಕಿಲೋ ತೂಕದ ಮಗುವಿಗೆ ದಿನದ ಪಾಲು ಸುಮಾರು 17. ಅದೇ ಸೊಪ್ಪು 100 ಗ್ರಾಂ ತಿಂದರೆ 20. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳವರೆಗೆ ಉಳಿಯುವುದರಿಂದ ಒಂದು ದಿನದ ಊಟಕ್ಕಿಂತ ವರ್ಷಗಳ ರೂಢಿ ಮುಖ್ಯ. ಸೀಸಕ್ಕಂತೂ ಸುರಕ್ಷಿತ ಸೇವನೆಯ ಮಟ್ಟವನ್ನು ಹೇಳಲಾಗದೆಂದು ಅದೇ ಸಮಿತಿ ತನ್ನ ಹಳೆಯ ಮಿತಿಯನ್ನು ಹಿಂತೆಗೆದುಕೊಂಡಿತು. ಜಪಾನಿನ ಜಿಂಝೂ ನದಿ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಬೆರೆತ ನೀರು ಭತ್ತದ ಗದ್ದೆಗೆ ಹರಿದು ಹುಟ್ಟಿದ, ಮೂಳೆ ಮುರಿಯುವ 'ಇತಾಯಿ-ಇತಾಯಿ' ಕಾಯಿಲೆಯನ್ನು ಸರ್ಕಾರ 1968ರಲ್ಲಿ ಮಾಲಿನ್ಯದ ರೋಗವೆಂದು ಒಪ್ಪುವ ಹೊತ್ತಿಗೆ ದಶಕಗಳು ಕಳೆದಿದ್ದವು.

9. ಚೆಂಬೂರಿನಲ್ಲಿ ಪ್ರಯೋಗ ಹೇಗಿರಬೇಕು

ಇಷ್ಟರಿಂದ ಒಂದು ವಿನ್ಯಾಸ ಹೊರಡುತ್ತದೆ. ನೀರಿನ ಮಾದರಿಯನ್ನು ಇಳಿತ ಮತ್ತು ಉಬ್ಬರ ಎರಡರಲ್ಲೂ, ಅಕ್ಟೋಬರ್, ಜನವರಿ, ಮೇ ತಿಂಗಳುಗಳಲ್ಲಿ ತೆಗೆಯಬೇಕು. ಹೋಲಿಕೆಗೆ ನಲ್ಲಿ ನೀರಿನ ಸಾಲೊಂದೇ ಸಾಲದು. ನಲ್ಲಿ ನೀರಿಗೆ ಅಷ್ಟೇ ಸಾರಜನಕ–ರಂಜಕ ಸೇರಿಸಿದ ಒಂದು ಸಾಲು, ಅಷ್ಟೇ ಉಪ್ಪು ಸೇರಿಸಿದ ಮತ್ತೊಂದು ಸಾಲು ಇದ್ದರೆ ಗೊಬ್ಬರದ ಪರಿಣಾಮ, ಉಪ್ಪಿನ ಪರಿಣಾಮ, ಉಳಿದ ಮಾಲಿನ್ಯದ ಪರಿಣಾಮ ಬಿಡಿಬಿಡಿಯಾಗಿ ಕಾಣುತ್ತವೆ. ಮಡಿಯ ಹಳೆಯ ಮಣ್ಣು ಮತ್ತು ಹೊಸ ಮಣ್ಣು ಎರಡರಲ್ಲೂ ಬಿತ್ತಬೇಕು. ಹಳೆಯ ಮಣ್ಣಿಗೆ ಶುದ್ಧ ನೀರನ್ನೇ ಹಾಯಿಸಿದರೂ ಎಲೆಯಲ್ಲಿ ಲೋಹ ಬರುತ್ತದೆಯೇ ಎಂಬುದು ಪರಿಹಾರದ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಮಣ್ಣಿನಲ್ಲಿ ಲೋಹದ ಒಟ್ಟು ಪ್ರಮಾಣದ ಜೊತೆಗೆ ಗಿಡಕ್ಕೆ ಸಿಗುವ ಪ್ರಮಾಣ ಮತ್ತು ರಸಸಾರವನ್ನು, ಎಲೆಯಲ್ಲಿ ತೊಳೆದ–ತೊಳೆಯದ ಎರಡೂ ಅಂಕಿಗಳನ್ನು, ಎಲ್ಲ ಕೊಯ್ಲುಗಳಲ್ಲೂ ದಾಖಲಿಸಬೇಕು.

ಬೆಳವಣಿಗೆಯ ಅಳತೆಗಳನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಎಲೆಯ ತೂಕ ಮತ್ತು ಎಲೆಯ ಕ್ಯಾಡ್ಮಿಯಂ ಎರಡನ್ನೂ ಒಂದೇ ನಕ್ಷೆಯಲ್ಲಿ ಬಿಡಿಸಬೇಕು. ತೂಕ ಏರುವ ಭಾಗದಲ್ಲೇ ಕ್ಯಾಡ್ಮಿಯಂ ಮಿತಿ ದಾಟಿದರೆ 'ನೀರು ಬೆರೆಸಿ ಬಳಸಿ' ಎಂಬ ಸಲಹೆ ಅಪಾಯಕಾರಿ. ತೂಕ ಕುಸಿದ ಮೇಲಷ್ಟೇ ದಾಟಿದರೆ ಗಿಡವೇ ಮುನ್ಸೂಚನೆ ಕೊಡುತ್ತದೆಂದು ಒಪ್ಪಬಹುದು, ಆಗ ನನ್ನ ವಾದ ಬೀಳುತ್ತದೆ. ವಾರಾಣಸಿಯ ಅಂಕಿಗಳು ಮೊದಲನೆಯದರ ಕಡೆ ಬೊಟ್ಟು ಮಾಡುತ್ತವೆ.

10. ಬೆಳೆಗಾರ, ಅಡುಗೆಮನೆ, ಆಡಳಿತ

ಈ ನೀರಿನಲ್ಲಿ ಮೊಣಕಾಲವರೆಗೆ ನಿಂತು ದುಡಿಯುವವನು ಬೆಳೆಗಾರ. ಚರ್ಮದ ತುರಿ, ಹುಳುಬಾಧೆ, ಭೇದಿ ಮೊದಲು ತಟ್ಟುವುದು ಅವನ ಮನೆಗೆ. ಅವನನ್ನು ವಿಷ ಮಾರುವವನೆಂದು ಚಿತ್ರಿಸುವುದು ಅನ್ಯಾಯ. ಬೇರೆ ನೀರನ್ನು ಯಾರೂ ಅವನಿಗೆ ಕೊಟ್ಟಿಲ್ಲ. ಚೆಂಬೂರಿನಲ್ಲೇ ನಗರದ ಗೊಚ್ಚೆಯನ್ನು ಶುದ್ಧೀಕರಿಸಿ ಕಾರ್ಖಾನೆಯ ಬಳಕೆಗೆ ತೆಗೆದುಕೊಳ್ಳುವ ಸ್ಥಾವರ ವರ್ಷಗಳಿಂದ ನಡೆಯುತ್ತಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನಗರದ ನೀರನ್ನು ಮರುಬಳಸುವ ತಂತ್ರ ನಮ್ಮಲ್ಲಿದೆ ಎಂದಾಯಿತು. ಮನೆಗೊಚ್ಚೆಯನ್ನೂ ಘಟಕಗಳ ನೀರನ್ನೂ ಮೂಲದಲ್ಲೇ ಬೇರ್ಪಡಿಸುವುದು ಅದರ ಮೊದಲ ಷರತ್ತು. ಒಮ್ಮೆ ಬೆರೆತ ಲೋಹವನ್ನು ಮಾಮೂಲು ಗೊಚ್ಚೆ ಶುದ್ಧೀಕರಣ ಪೂರ್ತಿಯಾಗಿ ತೆಗೆಯಲಾರದು.

ಅಲ್ಲಿಯವರೆಗೆ ಬೆಳೆಗಾರನಿಗೆ ಹೇಳಬಹುದಾದುದು: ಮಣ್ಣು ಹುಳಿಯಾಗದಂತೆ ಸುಣ್ಣ, ಜೊತೆಗೆ ಕೊಳೆತ ಸಾವಯವ ಗೊಬ್ಬರ, ಸಾಧ್ಯವಿದ್ದೆಡೆ ಸೊಪ್ಪಿನ ಬದಲು ಬೆಂಡೆ ಅಥವಾ ಹೂವು, ಏಕೆಂದರೆ ಕಾಯಿಗೆ ಸೇರುವ ಕ್ಯಾಡ್ಮಿಯಂ ಸಾಮಾನ್ಯವಾಗಿ ಎಲೆಗಿಂತ ಕಡಿಮೆ, ಕೊಯ್ದ ಕಟ್ಟನ್ನು ತಾಜಾ ಕಾಣಲೆಂದು ನಾಲಾದಲ್ಲಿ ಅದ್ದದಿರುವುದು. ಮನೆಯವರಿಗೆ ಹೇಳಬಹುದಾದುದು: ಬೇರು ಮತ್ತು ಬುಡ ಕತ್ತರಿಸಿ ಬಿಸಾಡಿ, ಎರಡು ಮೂರು ನೀರಿನಲ್ಲಿ ತೊಳೆಯುವುದರಿಂದ ಧೂಳಿನ ಸೀಸವೂ ರೋಗಾಣುವೂ ಕಡಿಮೆಯಾಗುತ್ತವೆ; ಎಲೆಯೊಳಗಿನ ಕ್ಯಾಡ್ಮಿಯಂ ತೊಳೆದರೆ ಹೋಗದು. ಹಾಗೆಂದು ಸೊಪ್ಪನ್ನೇ ಬಿಡುವುದು ಪರಿಹಾರವಲ್ಲ. ಸೊಪ್ಪು ಬಿಟ್ಟರೆ ಅದರ ಕಬ್ಬಿಣವೂ ತಪ್ಪುತ್ತದೆ, ಕಬ್ಬಿಣದ ಕೊರತೆಯಿಂದ ಬಳಲುವ ದೇಹ ಕ್ಯಾಡ್ಮಿಯಂ ಅನ್ನು ಇನ್ನೂ ಹೆಚ್ಚಾಗಿ ಹೀರುತ್ತದೆ. ಒಂದೇ ಸೊಪ್ಪನ್ನು ದಿನವೂ ತಿನ್ನದೆ, ಒಂದೇ ಗಾಡಿಯಿಂದ ದಿನವೂ ಕೊಳ್ಳದೆ ಬದಲಿಸುತ್ತಿರುವುದು ಮೇಲು.

ಆಡಳಿತದಿಂದ ಕೇಳಬೇಕಾದುದು ಎರಡು: ನಿಯಮದ ನೀರಾವರಿ ಅಂಕಣದಲ್ಲಿ ಬಿಟ್ಟಿರುವ ಗೆರೆಗಳ ಜಾಗದಲ್ಲಿ ಲೋಹಗಳ ಮಿತಿ, ಮತ್ತು ಚೆಂಬೂರು ಪೇಟೆಯ ಸೊಪ್ಪಿನ ಋತುವಾರು ಪರೀಕ್ಷೆಯ ಫಲಿತಾಂಶ ಸಾರ್ವಜನಿಕವಾಗಿ. ಸಂಶೋಧಕರಿಗೆ ನನ್ನ ವಿನಂತಿ ಇದಕ್ಕಿಂತ ಚಿಕ್ಕದು. ಚೆಂಬೂರಿನ ಸೊಪ್ಪಿನ ಬಗ್ಗೆ ಬರೆಯುವ ಯಾವ ವರದಿಯಲ್ಲೂ ಗಿಡದ ಎತ್ತರದ ಪಕ್ಕದಲ್ಲಿ ನಾಲ್ಕು ಸಂಗತಿಗಳಿರಲಿ: ನೀರು ತೆಗೆದಾಗಿನ ಉಬ್ಬರದ ಸ್ಥಿತಿ, ಮಣ್ಣಿನ ರಸಸಾರ, ಹಸಿ ತೂಕಕ್ಕೆ ಲೆಕ್ಕಹಾಕಿದ ಕ್ಯಾಡ್ಮಿಯಂ ಮತ್ತು ಸೀಸ, ಹಾಗೂ ಪರೀಕ್ಷೆಗೆ ತೆಗೆದುಕೊಂಡದ್ದು ಎಲೆಯೋ ದಂಟೋ ಬೇರೋ ಎಂಬ ವಿವರ. ಈ ನಾಲ್ಕೂ ಇದ್ದರೆ ಮಗುವಿಗೆ ಪಾಲಕ್ ಬೇಯಿಸುವ ತಾಯಿಗೆ ನಾವು ಹೇಳುವ ಮಾತಿಗೆ ಆಧಾರವಿರುತ್ತದೆ. ಇಲ್ಲದಿದ್ದರೆ ನಾವು ಹೇಳಿದ್ದು ಗಿಡದ ಯೋಗಕ್ಷೇಮವಷ್ಟೇ.